ಕೆರೆಯಮ್ಮನ ಕಡೆಗೆ ನೋಡದವರು

ನಮ್ಮ ಮನೆತನದಲ್ಲಿ ಒಂದು ರೂಢಿಯಿತ್ತು. ಬೀದಿಯ ಬದಿಯಲ್ಲೋ ಹೊಲದ ಅಂಚಿನಲ್ಲೋ ಕುಳಿತ ಗ್ರಾಮದೇವತೆಯ ಮುಂದೆ ಹಾದುಹೋಗುವಾಗ ಮುಖವನ್ನು ಬೇರೊಂದು ಕಡೆಗೆ ತಿರುಗಿಸಿಕೊಳ್ಳುವುದು. ಅದರಲ್ಲಿ ದ್ವೇಷವಿರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವರು ಮತ್ತೊಂದು ಕಲ್ಲಿಗೆ ಕಣ್ಣು ಕೊಡಬಾರದೆಂಬ ನಿಷ್ಠೆ, ಅಷ್ಟೆ. ಪತಿವ್ರತೆಯಾದವಳು ಪರಪುರುಷನನ್ನು ದಿಟ್ಟಿಸಿ ನೋಡುವುದಿಲ್ಲವೆಂದು ನಮ್ಮ ತಂದೆಯವರು ಉಪಮಾನ ಕೊಡುತ್ತಿದ್ದರು. ನಾನು ಎಳವೆಯಿಂದಲೇ ಅದನ್ನು ಎಷ್ಟು ಅಭ್ಯಾಸ ಮಾಡಿಕೊಂಡಿದ್ದೆನೆಂದರೆ, ಬೇವಿನ ಮರದ ಬುಡದಲ್ಲಿ ಅರಿಸಿನದ ಬಣ್ಣ ಕಂಡರೆ ಸಾಕು, ಕೊರಳು ತಾನಾಗಿಯೇ ತಿರುಗುತ್ತಿತ್ತು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾವು ರಾಜಾಜಿನಗರದಲ್ಲಿ ಬಾಡಿಗೆಯ ಮನೆಯಲ್ಲಿದ್ದೆವು. ಮೂಲತಃ ದಾವಣಗೆರೆಯ ಕಡೆಯವರು. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಮತ್ತು ಸಂಸ್ಕೃತ ಪಂಡಿತನಾಗಿದ್ದೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ವಿಧವೆಯಾದ ನನ್ನ ತಾಯಿ. ಅವ್ವನಿಗೆ ಅಷ್ಟರಲ್ಲಿ ಎಪ್ಪತ್ತು ದಾಟಿತ್ತು.

ಎದುರು ಮನೆಯ ಯಜಮಾನರು ಕೈಗಾರಿಕಾ ವಸಾಹತಿನಲ್ಲಿ ಲೇತ್ ಯಂತ್ರಗಳನ್ನಿಟ್ಟುಕೊಂಡು ಒಂದು ವರ್ಕ್‌ಶಾಪ್ ನಡೆಸುತ್ತಿದ್ದರು. ಅವರು ಕೆಂಗೇರಿಯ ಆಚೆಗೆ, ಒಂದು ಕೆರೆಯ ಅಂಚಿನಲ್ಲಿ ಜಮೀನು ಕೊಂಡು, ಮಂಗಳೂರು ಹೆಂಚಿನ ಎರಡು ಕೋಣೆಯ ಪುಟ್ಟ ಮನೆಯನ್ನು ಕಟ್ಟಿಸಿದ್ದರು. ನವರಾತ್ರಿ ಮುಗಿದು ಶಾಲೆಗೆ ಇನ್ನೂ ರಜೆ ಉಳಿದಿದ್ದಾಗ ಒಂದು ಸಂಜೆ ಬಂದು ಅದರ ಬೀಗದ ಕೈಯನ್ನು ನನ್ನ ಮುಂದಿಟ್ಟರು. ಮಳೆಗೆ ಕೆರೆ ತುಂಬಿದೆ, ಹರಿಗೋಲಿನಲ್ಲಿ ಸುತ್ತಾಡಬಹುದು, ಏರಿಯ ಮೇಲೆ ಹಳೆಯ ಕಲ್ಲಿನ ಮಂಟಪವಿದೆ, ಮೈಸೂರು ರೈಲು ಹೋಗುವಾಗ ಅದರ ಹೊಗೆ ನೀರಿನಲ್ಲಿ ಕಾಣುತ್ತದೆ, ಭಾನುವಾರ ಸಂಜೆ ಊರಿನಲ್ಲಿ ಹರಿಕಥೆ, ಸೋಮವಾರ ಕೆಂಗೇರಿಯ ಸಂತೆ ಎಂದು ಅವರು ವರ್ಣಿಸುತ್ತ ಹೋದರು.

ನನಗೆ ಮೊದಲ ಸಂಶಯ ಹುಟ್ಟಿದ್ದು ಅಲ್ಲಿಯೇ. ಈ ಮನುಷ್ಯ ಯಾತಕ್ಕಾಗಿ ಇದನ್ನು ಕೊಡುತ್ತಿದ್ದಾನೆ? ಅವರ ಮಗ ನನ್ನ ತರಗತಿಯಲ್ಲಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸಂಸ್ಕೃತ ಶಬ್ದಗಳಿಗೆ ತನ್ನದೇ ವಿಭಕ್ತಿಗಳನ್ನು ಸೃಷ್ಟಿಸಿದ್ದ. ಉತ್ತರಪತ್ರಿಕೆಗಳು ಇನ್ನೂ ನನ್ನ ಮೇಜಿನ ಮೇಲೆಯೇ ಇದ್ದವು. ಒಲ್ಲೆನೆನ್ನಬೇಕೆಂದು ಬಾಯಿ ತೆರೆದಿದ್ದೆ. ಆದರೆ ಒಳಗಿನಿಂದ ಅವ್ವ, ತುಂಬಿದ ಕೆರೆ ನೋಡಿ ಬಹಳ ವರ್ಷವಾಯಿತೆಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಹೊರಡುವ ಹಿಂದಿನ ದಿನ ನಾನು ಇನ್ನೊಂದು ಎಚ್ಚರಿಕೆಯ ಕೆಲಸ ಮಾಡಿದೆ. ಅವ್ವನ ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯಿತ್ತು. ಅಂಡಾಕಾರದ ಆ ಪುಟ್ಟ ಸಂಪುಟದೊಳಗೆ ಅವಳ ಇಷ್ಟಲಿಂಗ. ಅಜ್ಜಿಯ ಗರ್ಭದಲ್ಲಿ ಅವಳಿದ್ದಾಗಲೇ ಗುರುಗಳು ಬಂದು, ಹುಟ್ಟಲಿರುವ ಕೂಸಿಗೆಂದು ತಾಯಿಯ ಹೊಟ್ಟೆಯ ಮೇಲೆ ಕಟ್ಟಿ ಹೋಗಿದ್ದ ಲಿಂಗವದು. ಅವಳ ಪ್ರಾಣಕ್ಕೂ ಅದಕ್ಕೂ ಒಂದೇ ವಯಸ್ಸು. ಮೈಸೂರು ರಸ್ತೆಯ ಒಂಟಿ ಮನೆಗಳಲ್ಲಿ ಕಳ್ಳತನವಾಗುತ್ತದೆಂದು ಯಾರೋ ಬಸ್ಸಿನಲ್ಲಿ ಮಾತಾಡಿಕೊಂಡದ್ದನ್ನು ನಾನು ಕೇಳಿದ್ದೆ. ಆದ್ದರಿಂದ ಕರಡಿಗೆಯನ್ನು ಟ್ರಂಕಿನಲ್ಲಿಟ್ಟು, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಧರಿಸಬೇಕೆಂದು ಹೇಳಿದೆ.

"ಕರಡಿಗಿ ಬಿಟ್ಟು ನಾ ಎಂದೂ ಹೊಸ್ತಿಲ ದಾಟಿದಾಕಿ ಅಲ್ಲ ತಮ್ಮಾ" ಎಂದಳು ಅವ್ವ.

ಲಿಂಗ ಮುಖ್ಯವೇ ಹೊರತು ಬೆಳ್ಳಿಯಲ್ಲವೆಂದೂ, ಹಿಂದಿನ ಶರಣರೆಲ್ಲ ವಸ್ತ್ರದಲ್ಲಿಯೇ ಧರಿಸುತ್ತಿದ್ದರೆಂದೂ ನಾನು ಪ್ರಮಾಣಸಹಿತ ವಾದಿಸಿದೆ. ಓದಿದ ಮಗನೊಡನೆ ಅವಳು ಎಂದೂ ವಾದ ಬೆಳೆಸಿದವಳಲ್ಲ. ನನ್ನ ಲಿಂಗವನ್ನೂ ಅಂಗಿಯೊಳಗೆ ಹಾಗೆಯೇ ಕಟ್ಟಿಕೊಂಡೆ. ಜೊತೆಗೆ ನಮ್ಮದೇ ಒಂದು ಬೀಗವನ್ನೂ ಚೀಲದಲ್ಲಿಟ್ಟುಕೊಂಡೆ. ಅವರ ಬೀಗಕ್ಕೆ ಇನ್ನೊಂದು ಕೈ ಇರಲಾರದೆಂದು ನಂಬುವುದು ಹೇಗೆ?

ಶನಿವಾರ ಸಂಜೆ ಬಸ್ಸು ನಾಯಂಡಹಳ್ಳಿಯನ್ನು ದಾಟಿ ಕೆಂಗೇರಿಗೆ ನಮ್ಮನ್ನು ಮುಟ್ಟಿಸಿತು. ಅಲ್ಲಿಂದ ನಡಿಗೆ. ಕೆರೆಯ ಮನೆಯನ್ನು ನೋಡಿಕೊಳ್ಳಲು ಅದೇ ಊರಿನ ಗಂಡಹೆಂಡಿರಿದ್ದರು. ಗಂಡ ಹರಿಗೋಲು ನಡೆಸುತ್ತಿದ್ದ, ತೋಟಕ್ಕೆ ನೀರು ಬಿಡುತ್ತಿದ್ದ. ಹೆಂಡತಿ ಕಸ ಗುಡಿಸಿ ಪಾತ್ರೆ ಬೆಳಗಿ ಹೋಗುತ್ತಿದ್ದಳು. ನಮ್ಮ ಅಡಿಗೆಯನ್ನು ನಾವೇ ಮಾಡಿಕೊಳ್ಳುವ ಏರ್ಪಾಡಾಗಿತ್ತು. ಆ ಹೆಂಗಸು ಬಾಗಿಲಲ್ಲಿ ನಿಂತು ಮೊದಲು ನೋಡಿದ್ದೇ ಅವ್ವನ ಕೊರಳನ್ನು. ಒಮ್ಮೆಯಲ್ಲ, ಮರಳಿ ಮರಳಿ ನೋಡಿದಳು. ಬೆಳ್ಳಿಯನ್ನು ಮನೆಯಲ್ಲಿಟ್ಟು ಬಂದದ್ದು ಎಂಥ ವಿವೇಕದ ಕೆಲಸವೆಂದು ನಾನು ಒಳಗೊಳಗೇ ಸಮಾಧಾನಪಟ್ಟೆ.

ಭಾನುವಾರ ಬೆಳಗ್ಗೆ ಅವ್ವ ಕೆರೆಯ ಮೆಟ್ಟಿಲಿನಲ್ಲಿ ಮಿಂದು, ಅಲ್ಲಿಯೇ ಪೂರ್ವಾಭಿಮುಖವಾಗಿ ಕುಳಿತು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮಾಡಿದಳು. ನೀರಿನ ಮೇಲಿನ ಬೆಳಕು ಅವಳ ವಿಭೂತಿಯ ಹಣೆಯ ಮೇಲೆ ಅಲುಗುತ್ತಿತ್ತು. ಅಂಥ ಪ್ರಸನ್ನತೆಯನ್ನು ನಾನು ಅವಳ ಮುಖದಲ್ಲಿ ಬೆಂಗಳೂರಿಗೆ ಬಂದ ಮೇಲೆ ಕಂಡಿರಲಿಲ್ಲ. ಪೂಜೆಯ ಬಳಿಕ ಹರಿಗೋಲು ಹತ್ತಿದೆವು. ಆ ಗಂಡಸು ನಮ್ಮನ್ನು ಕೆರೆಯ ನಡುವಿಗೆ ಒಯ್ದು ಬುಟ್ಟಿಯಂಥ ಆ ದೋಣಿಯನ್ನು ಗಿರಗಿರನೆ ತಿರುಗಿಸಿದ. ನನ್ನ ಹೆಂಡತಿ ನಕ್ಕಳು, ಅವ್ವನೂ ನಕ್ಕಳು. ದಡ ಯಾವ ದಿಕ್ಕಿಗಿದೆಯೆಂಬುದು ನಮಗೆ ತಿಳಿಯಬಾರದೆಂದು ಇವನು ಬೇಕೆಂದೇ ಹೀಗೆ ಮಾಡುತ್ತಿರಬಹುದೇ ಎಂದು ನಾನು ಯೋಚಿಸುತ್ತಿದ್ದೆ. ಆಮೇಲೆ ಏರಿಯ ಮೇಲೆ ನಡೆದು ಮಂಟಪಕ್ಕೆ ಹೋದೆವು. ದಾರಿಯಲ್ಲಿ ತೂಬಿನ ಪಕ್ಕ, ಬೇವಿನ ಮರದ ಕೆಳಗೆ, ಆ ಊರಿನ ಕೆರೆಯಮ್ಮ ತನ್ನ ಅಕ್ಕತಂಗಿಯರೊಡನೆ ಸಾಲಾಗಿ ಕುಳಿತಿದ್ದಳು. ಕೆಂಪು, ಹಳದಿ ಕಣ್ಣಂಚಿಗೆ ತಗುಲಿದೊಡನೆ ಮೂವರ ಮುಖಗಳೂ ನೀರಿನ ಕಡೆಗೆ ತಿರುಗಿದವು. ಮನೆಯಿಂದ ಮೆಟ್ಟಿಲಿಗೆ, ಹರಿಗೋಲಿಗೆ, ಮಂಟಪಕ್ಕೆ ಎಲ್ಲಿಗೆ ಹೋಗಬೇಕಾದರೂ ಅದೊಂದೇ ದಾರಿ.

ಮಧ್ಯಾಹ್ನ ಎಲೆ ಹಾಕಿದಾಗ ಅವ್ವ ಊಟಕ್ಕೆ ಏಳಲಿಲ್ಲ. ಹಸಿವಿಲ್ಲವೆಂದಳು. ನೀರನ್ನಾದರೂ ಕುಡಿಯೆಂದರೆ ಅದೂ ಬೇಡವೆಂದಳು. ಉಪವಾಸಕ್ಕೆ ಅದು ಸೋಮವಾರವಾಗಿರಲಿಲ್ಲ. ಸಂಜೆಯ ಹೊತ್ತಿಗೂ ಅದೇ ಮಾತು. ಅವಳ ತುಟಿ ಒಣಗಿತ್ತು. ಆ ವಯಸ್ಸಿನ ಜೀವ ನೀರಿಲ್ಲದೆ ಎಷ್ಟು ಹೊತ್ತು ತಡೆದೀತೆಂಬ ಭಯ ನನ್ನನ್ನು ಹಿಡಿಯಿತು. ಭಯದ ಬೆನ್ನಿಗೇ ಸಂಶಯಗಳು ಸಾಲುಗಟ್ಟಿದವು. ಕೆರೆಯ ನೀರು ಕೆಟ್ಟಿತ್ತೇ? ಕೆಲಸದ ಹೆಂಗಸು ಬಿಂದಿಗೆಯನ್ನು ಮುಟ್ಟಿದಳೇ? ನನ್ನ ಹೆಂಡತಿ ಏನಾದರೂ ಅಂದಳೇ? ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. ತಾನು ಅತ್ತೆಗೆ ಏನಂದೇನೆಂದು ಅವಳು ನೊಂದುಕೊಂಡು, ಆ ಸಂಜೆಯೆಲ್ಲ ನನ್ನೊಡನೆ ಮಾತು ಬಿಟ್ಟಳು.

ಇನ್ನೂ ವಿಚಿತ್ರವಾದದ್ದೆಂದರೆ, ಶಿವಕಥೆಯೆಂದರೆ ಪ್ರಾಣ ಬಿಡುವ ಅವ್ವ, ಅಂದು ಶಿವನ ಪ್ರಸಂಗವೇ ಇದ್ದರೂ, ಹರಿಕಥೆಗೆ ಬರಲೊಲ್ಲೆನೆಂದಳು. ನಾವು ಹೊರಟಂತೆ ಮಾಡಿ ದಾರಿಯಿಂದಲೇ ಹಿಂತಿರುಗಿದೆವು. ಅವ್ವ ಮನೆಯಲ್ಲಿರಲಿಲ್ಲ. ಇಳಿಬಿಸಿಲಿನಲ್ಲಿ ಕೆರೆಯ ಮೆಟ್ಟಿಲಿನ ಮೇಲೆ ಬಾಗಿ ಕುಳಿತು, ಕಲ್ಲುಗಳನ್ನು ಅಂಗೈಯಿಂದ ಸವರುತ್ತಿದ್ದಳು. ನಮ್ಮನ್ನು ಕಂಡು, ಗಾಳಿಗೆ ಬಂದೆನೆಂದಳು. ನನ್ನ ತಾಯಿ ನನ್ನೊಡನೆ ಸುಳ್ಳು ಹೇಳುತ್ತಿದ್ದಾಳೆಂಬುದು ನನಗೆ ಹೊಸ ಅನುಭವ.

ಸೋಮವಾರ ಬೆಳಗ್ಗೆ ಅವಳು ಕೋಣೆಯ ಬಾಗಿಲು ಮುಚ್ಚಿಕೊಂಡು ಪೂಜೆ ಮಾಡಿದಳು. ಎಲ್ಲರ ಎದುರಿಗೆ ಕುಳಿತು ಪೂಜಿಸಿ, ಪಾದೋದಕ ಸೇವಿಸಿ, ಎಲ್ಲರನ್ನೂ ಹೆಸರಿಟ್ಟು ಹರಸುವುದು ಅವಳ ಪದ್ಧತಿ. ಹೊರಗೆ ಬಂದವಳು, ಇವತ್ತು ಹೇಗೂ ಸೋಮವಾರದ ಒಪ್ಪೊತ್ತು, ನನ್ನನ್ನು ಒತ್ತಾಯ ಮಾಡಬೇಡಿರೆಂದಳು. ಆದರೆ ಸೋಮವಾರದಂದು ಅವಳು ಹಾಲು ಕುಡಿಯುತ್ತಿದ್ದಳು, ಬಾಳೆಯ ಹಣ್ಣು ತಿನ್ನುತ್ತಿದ್ದಳು. ಈಗ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಸಂತೆಗೆ ಹೋಗೋಣವೆಂದರೆ, ಸಂತೆಯಲ್ಲಿ ಏನಿದೆ, ನಿನ್ನೆಯ ಹರಿಗೋಲಿನಲ್ಲಿ ಇನ್ನೊಮ್ಮೆ ಕೂರಬೇಕು, ನಿನ್ನೆಯ ಮಂಟಪವನ್ನು ಇನ್ನೊಮ್ಮೆ ನೋಡಬೇಕೆಂದಳು. ನಿಲ್ಲಲು ತ್ರಾಣವಿಲ್ಲದ ಮುದುಕಿಗೆ ನೋಡಿದ್ದನ್ನೇ ನೋಡುವ ಹಂಬಲ!

ಮತ್ತೆ ಅದೇ ಏರಿಯ ಮೇಲೆ ನಡೆದೆವು. ತೂಬಿನ ಬಳಿ ಮೂವರೂ ಮತ್ತೆ ಮುಖ ತಿರುಗಿಸಿದೆವು. ಹರಿಗೋಲಿನಲ್ಲಿ ಅವ್ವ ಕೊಕ್ಕರೆಗಳನ್ನು ನೋಡಲಿಲ್ಲ, ಹೊಗೆಯುಗುಳುತ್ತ ಹೋದ ರೈಲನ್ನೂ ನೋಡಲಿಲ್ಲ. ಬಿದಿರಿನ ಹೆಣಿಗೆಯ ಸಂದುಗಳಲ್ಲಿ ಬೆರಳಾಡಿಸುತ್ತ ಕುಳಿತಿದ್ದಳು. ದಡಕ್ಕೆ ಇಳಿಯುವಾಗ ಅವಳ ಕಾಲು ಸೋತಿತು. ನನ್ನ ಹೆಂಡತಿ ಓಡಿ ಹಿಡಿದುಕೊಂಡು ಎದೆಗೊರಗಿಸಿಕೊಂಡಳು. ಹಾಗೆ ಹಿಡಿದಾಗ ಅವಳ ಕೈ ಅವ್ವನ ಕೊರಳ ವಸ್ತ್ರಕ್ಕೆ ತಾಗಿತು.

"ಏನ್ರೀ" ಎಂದಳು ಮೆಲ್ಲಗೆ, "ಅತ್ತಿ ಕೊರಳಾಗ ಬರೇ ಅರಿವಿ ಐತಿ."

ಬಿಚ್ಚಿಹೋಗಿದ್ದ ಬಿಳಿಯ ವಸ್ತ್ರದ ಗಂಟನ್ನು ಅವ್ವ ಯಾರಿಗೂ ತಿಳಿಯದಂತೆ ಮತ್ತೆ ಬಿಗಿದಿದ್ದಳು. ಒಳಗೆ ಏನೂ ಇರಲಿಲ್ಲ.

ಲಿಂಗ ಕಳೆದುಕೊಂಡವರು ಅದು ಸಿಗುವ ತನಕ ಅನ್ನ ನೀರು ಮುಟ್ಟಬಾರದು. ಇದು ಯಾವ ಗ್ರಂಥದಿಂದಲೂ ಅವ್ವ ಕಲಿತದ್ದಲ್ಲ, ಹಾಲಿನೊಡನೆ ಕುಡಿದದ್ದು. ಗುರುಗಳಿಂದ ಬೇರೆ ಲಿಂಗವನ್ನು ಪಡೆಯುವ ವಿಧಿಯೂ ಉಂಟೆಂದು ನಾನು ಹೇಳಿದೆ. ಅವ್ವ ತಲೆಯಾಡಿಸಿದಳು. ತನಗೆ ಕಟ್ಟಿದ ಗುರುಗಳು ಐಕ್ಯರಾಗಿ ಎಷ್ಟು ಕಾಲವಾಯಿತು, ತನ್ನ ತಾಯಿಯ ಹೊಟ್ಟೆಯನ್ನು ಮುಟ್ಟಿದ ಲಿಂಗ ಇನ್ನೊಂದಿಲ್ಲವೆಂದಳು. ನಮಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರ, ಕರಡಿಗಿ ಬಿಡಿಸಿದಾಂವ ನಾನ ಅಂತ ನೀನೂ ಉಣ್ಣೋದು ಬಿಡ್ತಿದ್ದಿ. ಒಬ್ಬಾಕಿ ಉಪಾಸ ಸಾಕು ಅಂದೆ."

ಅವಳನ್ನು ಮನೆಗೆ ಕರೆತಂದು ಮಲಗಿಸಿದೆವು. ಒದ್ದೆ ಬಟ್ಟೆಯಿಂದ ತುಟಿ ಒರೆಸಲು ಹೋದರೆ ಮುಖ ಸರಿಸಿದಳು. ನಾನು ಹೊರಗೆ ಬಂದು ಹರಿಗೋಲಿನವನನ್ನು ಹಿಡಿದೆ. ಅವನ ಉತ್ತರಗಳೆಲ್ಲವೂ ನನಗೆ ಅರ್ಧದಲ್ಲಿ ನಿಂತಂತೆ ಕೇಳಿಸಿದವು. ಏನು ಕಳೆದಿದೆಯೆಂದು ಅವನಿಗೆ ಹೇಳಲಿಲ್ಲ; ಹೇಳಿದರೆ ಬಚ್ಚಿಟ್ಟುಕೊಂಡಾನೆಂಬ ಅನುಮಾನ. ಏನನ್ನೋ ಕಳೆದುಕೊಂಡಿದ್ದೇವೆ, ಬುಟ್ಟಿಯನ್ನು ದಡಕ್ಕೆಳೆದು ಬೋರಲು ಹಾಕೆಂದೆ. ಹಾಕಿದ. ಹುಲ್ಲು, ಕೆಸರು, ಒಂದು ಸತ್ತ ಮೀನು. ಮಂಟಪದ ಕಲ್ಲುಹಾಸನ್ನೆಲ್ಲ ಅಳೆದು ಬಂದೆ. ಬೆಳ್ಳಿಯಿಲ್ಲದ ಕಪ್ಪು ಕಲ್ಲನ್ನು ಯಾವ ಕಳ್ಳ ಕದ್ದಾನೆಂದು ಬುದ್ಧಿ ಹೇಳುತ್ತಿತ್ತು. ಹಾಗಾದರೆ ಆ ಹೆಂಗಸು ಅವ್ವನ ಕೊರಳನ್ನೇಕೆ ನೋಡಿದಳೆಂದು ಮನಸ್ಸು ಕೇಳುತ್ತಿತ್ತು.

ಆ ಹೊತ್ತಿಗೆ ಆಕೆಯೇ ಹಿತ್ತಿಲಿನಿಂದ ಹೊರಟಳು. ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡಿದ್ದಳು. ಅತ್ತಿತ್ತ ನೋಡಿ, ಏರಿಯನ್ನು ಹತ್ತಿ ಬೇಗ ಬೇಗ ನಡೆದಳು. ನಾನು ದೂರದಿಂದ ಹಿಂಬಾಲಿಸಿದೆ. ಪಂಚೆಯ ಅಂಚನ್ನು ಹಿಡಿದುಕೊಂಡು, ಮರದಿಂದ ಮರಕ್ಕೆ ಮರೆಯಾಗುತ್ತ ಹೋಗುತ್ತಿದ್ದ ಪಂಡಿತನನ್ನು ವಿದ್ಯಾರ್ಥಿಗಳು ಕಂಡಿದ್ದರೆ ಏನೆನ್ನುತ್ತಿದ್ದರೋ ತಿಳಿಯದು. ಆಕೆ ತೂಬಿನ ಬಳಿ ನಿಂತಳು. ಸೆರಗಿನಿಂದ ಹಿತ್ತಾಳೆಯ ತಟ್ಟೆ ಹೊರಬಂತು. ಅರಿಸಿನ, ಕುಂಕುಮ, ಕಣಗಿಲೆ ಹೂ. ನನ್ನ ಕೊರಳು ಅಭ್ಯಾಸದಂತೆ ನೀರಿನ ಕಡೆಗೆ ತಿರುಗಿತು. ಆದರೆ ಸಂಶಯವು ರೂಢಿಗಿಂತ ಬಲವಾಗಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಅತ್ತ ಮುಖ ತಿರುಗಿಸಿ ನೋಡಿದೆ.

ಒರಟಾದ ಆ ಕಲ್ಲುಗಳ ಸಾಲಿನ ತುದಿಯಲ್ಲಿ, ಎಲ್ಲಕ್ಕಿಂತ ಚಿಕ್ಕದಾಗಿ, ನುಣುಪಾಗಿ, ಕಪ್ಪಾಗಿ ನನ್ನ ಅವ್ವನ ಲಿಂಗ ಕುಳಿತಿತ್ತು. ಮೈತುಂಬ ಅರಿಸಿನ, ನಡುವೆ ಕುಂಕುಮದ ಬೊಟ್ಟು. ನಿನ್ನೆಯಿಂದ ನಾವು ಎಷ್ಟು ಸಲ ಅದರ ಮುಂದೆ ಹಾದುಹೋಗಿದ್ದೆವೋ ಅಷ್ಟು ಸಲವೂ ಅದಕ್ಕೆ ಬೆನ್ನು ಮಾಡಿದ್ದೆವು.

ಇದು ಎಲ್ಲಿಂದ ಬಂತೆಂದು ಕೇಳಿದೆ. ಆಕೆ ಬೆಚ್ಚಿ ತಿರುಗಿದಳು.

"ನಿನ್ನೆ ಮೆಟ್ಲು ತಾವ ಪಾತ್ರೆ ಬೆಳಗ್ತಿದ್ದೆ ಬುದ್ಧಿ, ಕಲ್ಲು ಸಂದ್ಯಾಗೆ ಸಿಕ್ತು. ಕೆರೇಲಿ ಸಿಕ್ಕಿದ್ದು ಕೆರೆಯಮ್ಮಂದು. ಲಿಂಗ್‌ದಂಗಿತ್ತಲ್ಲ, ತಂದು ಕೆರೆಯಮ್ಮನ ಪಕ್ಕ ಕೂರಿಸ್ದೆ."

ಅದು ನನ್ನ ತಾಯಿಯ ಇಷ್ಟಲಿಂಗವೆಂದು ಹೇಳಿದೆ. ಆಕೆ ನಂಬಲಿಲ್ಲ. ಈಗ ಸಂಶಯಪಡುವ ಸರದಿ ಅವಳದಾಗಿತ್ತು.

"ಲಿಂಗ ಕಟ್ಟೋರಾ ನೀವು? ಮತ್ತೆ ಬೆಳ್ಳಿ ಕರಡಿಗೆ ಎಲ್ಲೈತೆ? ಬಂದ ದಿನವೇ ಅಮ್ಮಾರ ಕೊರಳು ನೋಡಿವ್ನಿ, ಏನೂ ಇರ್ಲಿಲ್ಲ. ಬ್ರಾಮಣ್ರು ಅಂದ್ಕಂಡಿದ್ದೆ."

ನಾನು ಅಂಗಿಯ ಗುಂಡಿ ಬಿಚ್ಚಿ ನನ್ನ ವಸ್ತ್ರದ ಗಂಟನ್ನು ತೋರಿಸಬೇಕಾಯಿತು. ಅದನ್ನೂ ಆಕೆ ತಲೆ ಓರೆ ಮಾಡಿ ಪರೀಕ್ಷಿಸಿದಳು. ನಾನು ಕೈ ಚಾಚಿದೊಡನೆ ಅಡ್ಡ ಬಂದಳು. ಅಮ್ಮನಿಗೆ ಕೊಟ್ಟದ್ದನ್ನು ಸುಮ್ಮನೆ ಎತ್ತಿಕೊಂಡು ಹೋಗುವಂತಿಲ್ಲ, ಕೂರಿಸಿದ ಜಾಗ ಬರಿದಾಗಬಾರದು, ಬರಿದಾದರೆ ಕೆರೆಗೆ ಕೇಡೆಂದಳು. ಇನ್ನು ಬದಲಿಗೆ ಬೆಳ್ಳಿಯನ್ನೋ ದುಡ್ಡನ್ನೋ ಕೊಡೆನ್ನುತ್ತಾಳೆಂದು ನಾನು ಕಾದೆ. ಆಕೆ ಏನನ್ನೂ ಕೇಳಲಿಲ್ಲ. ಕಳಕೊಂಡವರೇ ಬಂದು ಇಸಿದುಕೊಳ್ಳಲಿ ಎಂದಷ್ಟೇ ಹೇಳಿ, ಕಲ್ಲುಗಳ ಮುಂದೆ ಕುಳಿತುಬಿಟ್ಟಳು.

ಅವ್ವನನ್ನು ಎಬ್ಬಿಸಿ ವಿಷಯ ಹೇಳಿದೆ. ಲಿಂಗ ಎಲ್ಲಿದೆಯೆಂಬುದು ತಿಳಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಅಲ್ಲಿಯ ತನಕ ಹೋಗುವುದೆಂದರೆ ಅವಳಿಗೆ ಸಾಮಾನ್ಯವಾಗಿರಲಿಲ್ಲ. ಹೋಗದಿದ್ದರೆ ಮುಂದೇನೆಂಬುದು ಅವಳ ಒಡೆದ ತುಟಿಯ ಮೇಲೆ ಬರೆದಿತ್ತು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಎದ್ದು, ನನ್ನ ತೋಳು ಹಿಡಿದು ನಡೆದಳು. ತೂಬಿನ ಬಳಿ ಆ ಹೆಂಗಸು ಹೇಳಿದ್ದನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡಳು.

"ಖರೇ ಐತಿ ಆಕಿ ಹೇಳೋದು" ಎಂದಳು ಅವ್ವ. "ಕೂತ ಮನಿ ಬರಿದು ಮಾಡಬಾರ್ದು."

ನನ್ನನ್ನು ಬಿಟ್ಟು, ಆ ಹೆಂಗಸಿನ ಹೆಗಲು ಹಿಡಿದುಕೊಂಡು ನೀರಿಗಿಳಿದಳು. ಕಾಲಿನಿಂದ ತಡಕಿ, ಬಾಗಿ, ಅಂಗೈ ತುಂಬುವ ಒಂದು ಕಲ್ಲನ್ನೆತ್ತಿದಳು. ಸೆರಗಿನಿಂದ ತಿಕ್ಕಿ ತೊಳೆದಳು. ಇಬ್ಬರು ಹೆಂಗಸರೂ ಕಲ್ಲುಗಳ ಸಾಲಿನ ಕಡೆಗೆ ಹತ್ತಿ ಬಂದಾಗ ನನ್ನ ಮುಖ ಮತ್ತೆ ನೀರಿನ ಕಡೆಗೆ ತಿರುಗಿತ್ತು. ಒಮ್ಮೆ ನೋಡಿದ್ದೇನೋ ಆಯಿತು. ಇನ್ನು ನನ್ನ ತಾಯಿ ಅಲ್ಲಿ ಏನು ಮಾಡುತ್ತಾಳೆಂದು ನೋಡುವ ಅಧಿಕಾರ ನನಗಿರಲಿಲ್ಲ. ಬಳೆಗಳ ಸದ್ದು ಕೇಳಿಸಿತು, ತಟ್ಟೆಯ ಸದ್ದು ಕೇಳಿಸಿತು. ಬಳಿಕ ಕೆಲಹೊತ್ತು ಏನೂ ಕೇಳಿಸಲಿಲ್ಲ. ಆ ಮೌನ ಲಿಂಗವನ್ನೆತ್ತಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ದೀರ್ಘವಾಗಿತ್ತು.

ಅವ್ವ ಬಂದು ನನ್ನ ತೋಳು ಹಿಡಿದಳು. ಅವಳ ಎಡಗೈಯಲ್ಲಿ ಬಿಳಿಯ ವಸ್ತ್ರ ತುಂಬಿತ್ತು. ಮೆಟ್ಟಿಲಿಗೆ ಹೋಗಿ ಲಿಂಗಕ್ಕೆ ನೀರೆರೆದು, ವಿಭೂತಿ ಧರಿಸಿ, ಇಳಿಹೊತ್ತಿನಲ್ಲಿ ಪಶ್ಚಿಮದ ಬೆಳಕಿಗೆ ಎದುರಾಗಿ ಕುಳಿತು ಪೂಜೆ ಮುಗಿಸಿದಳು. ಆಮೇಲೆ ಪಾದೋದಕವನ್ನು ಸೇವಿಸಿದಳು. ಆ ಹನಿಗಳು ಗಂಟಲಿನಲ್ಲಿಳಿಯುವುದನ್ನು ನಾವು ಮೂವರೂ ನೋಡುತ್ತಿದ್ದೆವು. ನಾನು, ನನ್ನ ಹೆಂಡತಿ, ಮತ್ತು ಏರಿಯ ಮೇಲೆ ನಿಂತ ಆ ಹೆಂಗಸು. ರಾತ್ರಿ ಅವ್ವ ಗಂಜಿ ಕುಡಿದಳು, ಸಂತೆಗೆ ಹೋಗದೆ ಉಳಿದದ್ದಕ್ಕೆ ನನ್ನನ್ನೇ ಬೈದಳು.

ಮರುದಿನ ಮನೆಗೆ ಬಂದು ಟ್ರಂಕು ತೆರೆದ ಕೂಡಲೇ ಅವ್ವ ಕರಡಿಗೆಯನ್ನು ತಾನೇ ತೆಗೆದು ಕಟ್ಟಿಕೊಂಡಳು. ಎದುರು ಮನೆಯವರು ಬಂದು, ಎಲ್ಲವನ್ನೂ ನೋಡಿದಿರಾ ಎಂದು ವಿಚಾರಿಸಿದರು. ಹೆಚ್ಚಿನದನ್ನು ಎರಡೆರಡು ಸಲ ನೋಡಿದೆವೆಂದೆ. ಅವರು ಹಿಗ್ಗಿದರು. ಮಗನ ಪರೀಕ್ಷೆಯ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅವರು ಆ ಬೀಗದ ಕೈಯನ್ನು ಯಾತಕ್ಕಾಗಿ ಕೊಟ್ಟರೆಂಬುದು ಇಂದಿಗೂ ನನಗೆ ಸ್ಪಷ್ಟವಾಗಿಲ್ಲ.

ಆ ದಿನ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಕೆರೆಯ ಬಳಿ ತೊಟ್ಟಿದ್ದ ನನ್ನ ಬಿಳಿಯ ಅಂಗಿಯನ್ನು ಹಿಡಿದುಕೊಂಡು ಒಳಗೆ ಬಂದಳು. ಎಡತೋಳಿನ ಮೇಲೆ, ತೂಬಿನಿಂದ ಬರುವಾಗ ಅವ್ವ ಹಿಡಿದುಕೊಂಡಿದ್ದ ಕಡೆ, ಉಂಗುರ ಬೆರಳಿನ ತುದಿಯಷ್ಟೇ ಅಗಲದ ಒಂದು ಕೆಂಪು ಗುರುತಿತ್ತು. ಕಲ್ಲಿನಿಂದ ಅಂಟಿದ್ದಾದರೆ ಕೈಯೆಲ್ಲ ಹಳದಿಯಾಗಬೇಕಿತ್ತು. ಇದು ಬೊಟ್ಟು ಇಡುವ ಬೆರಳಿಗೆ ಮಾತ್ರ ಹತ್ತುವ ಕುಂಕುಮ. ವಿಧವೆಯಾದ ಮೇಲೆ ಅವ್ವ ಕುಂಕುಮದ ಭರಣಿಯನ್ನು ಮುಟ್ಟಿದ್ದನ್ನು ನಾವಿಬ್ಬರೂ ಕಂಡಿರಲಿಲ್ಲ.

"ಇದೇನ್ರೀ ಇದು?" ಎಂದಳು.

ಪಡಸಾಲೆಯಲ್ಲಿ ಅವ್ವ ಕರಡಿಗೆಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಳು. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರದೋ ತಾಗಿರಬೇಕೆಂದು ಹೇಳಿದೆ. ಹೆಂಡತಿ ನನ್ನನ್ನೇ ನೋಡುತ್ತ ನಿಂತಳು. ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೆ.